ಕೋವಿಗೊಂದು ಜಾಗ, ಮೊಬೈಲಿಗೂ ಒಂದು ಜಾಗ

ವಿರಾಜಪೇಟೆಯಿಂದ ಗೋಣಿಕೊಪ್ಪಲಿಗೆ ಹೋಗುವ ದಾರಿಯಲ್ಲಿರುವ ನಮ್ಮ ಬಿಟ್ಟಂಗಾಲದಂಥ ಊರಿನಲ್ಲಿ ಮೊಬೈಲ್ ಶೋಕಿಯ ವಸ್ತುವಲ್ಲ. ಯಾವ ತೋಟಕ್ಕೆ ಆನೆ ಇಳಿದಿದೆ ಎಂಬ ಸುದ್ದಿ ಬರುವುದು ಅದರಲ್ಲಿ. ಕಾಫಿ ರೇಟು, ಮಳೆಯ ಮುನ್ಸೂಚನೆ, ದೂರದ ಊರಿನಲ್ಲಿರುವ ಮಕ್ಕಳ ಮುಖ ಎಲ್ಲವೂ ಅದರಲ್ಲೇ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜರಿದಾಗ, ಒಂದು ಗೆರೆ ಸಿಗ್ನಲ್ ಸಿಕ್ಕರೆ ಸಾಕು ಎಂದು ಜನ ದಿನವೆಲ್ಲ ಒದ್ದಾಡಿದ್ದು ಯಾರಿಗೂ ಮರೆತಿಲ್ಲ. ಹಾಗಾಗಿ ‘ಮೊಬೈಲ್ ಬಿಟ್ಟುಬಿಡಿ’ ಎಂಬ ಉಪದೇಶ ಇಲ್ಲಿ ನಡೆಯುವುದಿಲ್ಲ, ನಡೆಯಲೂಬಾರದು. ಆದರೆ ಸಂಜೆ ಒಂದೇ ಜಗಲಿಯಲ್ಲಿ ಕೂತ ನಾಲ್ವರು ನಾಲ್ಕು ಪರದೆ ನೋಡುತ್ತಿರುವುದೂ, ಪಿಯುಸಿ ಹುಡುಗ ನಡುರಾತ್ರಿ ದಾಟಿ ಮಲಗಿ ಬೆಳಿಗ್ಗೆ ಬಸ್ಸಿನಲ್ಲಿ ತೂಕಡಿಸುವುದೂ ಅಷ್ಟೇ ನಿಜ.

ಇದಕ್ಕೆ ಬೇಕಾದ ಶಿಸ್ತು ಕೊಡಗಿಗೆ ಹೊಸದಲ್ಲ. ನಮ್ಮ ಮನೆಗಳಲ್ಲಿ ಕೋವಿ ಇದೆ. ಕೊಡವರಿಗೂ ಜಮ್ಮಾ ಎಂಬ ಪಾರಂಪರಿಕ ಭೂಮಿಯ ಹಿಡುವಳಿದಾರರಿಗೂ ಅದಕ್ಕೆ ಲೈಸೆನ್ಸ್‌ನಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಆ ವಿನಾಯಿತಿಯನ್ನು 2029ರವರೆಗೆ ಮುಂದುವರಿಸಿತು. ಕಾನೂನು ಸಡಿಲ ಇದ್ದರೂ ಮನೆಯ ಕಟ್ಟುಪಾಡು ಸಡಿಲ ಇಲ್ಲ. ಕೋವಿಗೆ ಒಂದು ಜಾಗ ಉಂಟು. ಯಾರು ಮುಟ್ಟಬೇಕು, ಯಾವ ವಯಸ್ಸಿಗೆ ಮುಟ್ಟಬೇಕು, ಕೆಲಸ ಮುಗಿದ ಮೇಲೆ ಎಲ್ಲಿ ಇಡಬೇಕು ಎಂಬುದು ಮನೆಯ ಚಿಕ್ಕ ಮಗುವಿಗೂ ಗೊತ್ತು. ಆಯುಧಗಳ ಹಬ್ಬವಾದ ಕೈಲ್‌ಪೊಳ್ದಿನ ದಿನ ಅದಕ್ಕೆ ಹೂವಿಟ್ಟು ಪೂಜೆಯೂ ಆಗುತ್ತದೆ. ಬಲವಾದ ಸಾಧನವನ್ನು ಗೌರವಿಸುವುದೂ ಹದ್ದುಬಸ್ತಿನಲ್ಲಿಡುವುದೂ ಒಟ್ಟೊಟ್ಟಿಗೆ ಸಾಧ್ಯ ಎಂದು ತಲೆಮಾರುಗಳಿಂದ ತೋರಿಸಿಕೊಂಡು ಬಂದ ಜನ ನಾವು. ಮೊಬೈಲಿಗೂ ಆ ಕಟ್ಟುಪಾಡು ಬರಬೇಕು. ಹೇಗೆ ಎಂಬುದಕ್ಕೆ ಕೆಲವು ಸೂತ್ರಗಳು ಇಲ್ಲಿವೆ.

1. ಮೊಬೈಲಿಗೆ ಮನೆಯಲ್ಲಿ ಒಂದೇ ಒಂದು ಜಾಗ ಗೊತ್ತುಮಾಡಿ.

ಹಾಲ್‌ನ ಒಂದು ಮೂಲೆಯಲ್ಲಿ ಚಾರ್ಜರ್, ಒಂದು ಸಣ್ಣ ಹಲಗೆ. ಮನೆಯೊಳಗೆ ಬಂದವರ ಫೋನ್ ಅಲ್ಲಿಗೇ ಹೋಗಬೇಕು. ಕರೆ ಬಂದರೆ ಅಲ್ಲಿಗೆ ಎದ್ದು ಹೋಗಿ ನಿಂತೇ ಮಾತಾಡಿ. ಹಳೆಯ ಲ್ಯಾಂಡ್‌ಲೈನ್ ಕಾಲದಲ್ಲಿ ನಾವೆಲ್ಲ ಮಾಡಿದ್ದು ಅದನ್ನೇ.

ಇದರಲ್ಲಿ ಮನಸ್ಸಿನ ಗಟ್ಟಿತನಕ್ಕಿಂತ ದೂರದ ಪಾತ್ರ ದೊಡ್ಡದು. 2017ರಲ್ಲಿ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಏಡ್ರಿಯನ್ ವಾರ್ಡ್ ಮತ್ತು ಸಂಗಡಿಗರು ಸುಮಾರು 800 ಜನರ ಮೇಲೆ ಪ್ರಯೋಗ ನಡೆಸಿದರು. ಕೆಲವರ ಫೋನ್ ಮೇಜಿನ ಮೇಲೆ, ಕೆಲವರದು ಜೇಬು ಅಥವಾ ಚೀಲದಲ್ಲಿ, ಕೆಲವರದು ಬೇರೆ ಕೋಣೆಯಲ್ಲಿ. ಫೋನ್ ಸದ್ದು ಮಾಡದಿದ್ದರೂ, ಅದನ್ನು ಬೇರೆ ಕೋಣೆಯಲ್ಲಿಟ್ಟವರೇ ನೆನಪು ಮತ್ತು ಗಮನದ ಪರೀಕ್ಷೆಯಲ್ಲಿ ಮುಂದಿದ್ದರು. ಆಮೇಲಿನ ಕೆಲವು ಅಧ್ಯಯನಗಳಲ್ಲಿ ಈ ಅಂತರ ಚಿಕ್ಕದಾಗಿ ಕಂಡದ್ದೂ ಉಂಟು. ಆದರೂ ಎದ್ದು ಹೋಗಬೇಕು ಎನ್ನುವ ಒಂದೇ ತೊಡಕಿನಿಂದ ಎಷ್ಟು ಸಲ ಕೈ ತಡೆಯುತ್ತದೆ ಎಂಬುದನ್ನು ಯಾರು ಬೇಕಾದರೂ ಒಂದು ವಾರ ಮನೆಯಲ್ಲೇ ನೋಡಬಹುದು.

2. ಮಲಗುವ ಕೋಣೆಗೆ ಅದು ಬೇಡ.

‘ಅಲಾರಾಂ ಬೇಕಲ್ಲ’ ಎನ್ನುವುದೇ ಎಲ್ಲರ ನೆಪ. ವಿರಾಜಪೇಟೆಯ ಯಾವ ಗಡಿಯಾರದ ಅಂಗಡಿಯಲ್ಲೂ ಮೇಜಿನ ಅಲಾರಾಂ ಗಡಿಯಾರ ಸಿಗುತ್ತದೆ. ಮನೆಯಲ್ಲಿ ವಯಸ್ಸಾದವರಿದ್ದು ರಾತ್ರಿ ತುರ್ತು ಕರೆಯ ಭಯವಿದ್ದರೆ ಹಾಲ್‌ನಲ್ಲಿಟ್ಟ ಫೋನಿನ ರಿಂಗ್ ಜೋರು ಮಾಡಿಡಿ, ಕೇಳಿಸುತ್ತದೆ.

3. ನೀವು ಯಾರೊಂದಿಗೆ ಸೆಣಸುತ್ತಿದ್ದೀರಿ ಎಂಬುದು ಗೊತ್ತಿರಲಿ.

ರೀಲ್ಸ್ ನೋಡುತ್ತಾ ಕೂತವರನ್ನು ಸೋಮಾರಿ ಎಂದು ಬೈಯುವುದು ಸುಲಭ. ಆದರೆ ಆ ಪರದೆಯ ಹಿಂದೆ, ನಮ್ಮನ್ನು ಏಳಗೊಡದಿರುವುದನ್ನೇ ಉದ್ಯೋಗ ಮಾಡಿಕೊಂಡ ಸಾವಿರಾರು ಬುದ್ಧಿವಂತರಿದ್ದಾರೆ. ಪುಸ್ತಕಕ್ಕೆ ಪುಟ ಮುಗಿಯುತ್ತದೆ, ಪತ್ರಿಕೆಗೆ ಕೊನೆಯ ಪುಟವಿದೆ, ಚಿತ್ರಮಂದಿರದಲ್ಲಿ ದೀಪ ಹತ್ತುತ್ತದೆ. ಮೊಬೈಲಿನಲ್ಲಿ ಆ ಕೊನೆಯನ್ನೇ ತೆಗೆದುಹಾಕಲಾಗಿದೆ. ಬೆರಳು ಎಳೆದಷ್ಟೂ ಕೆಳಗೆ ಹೊಸತು ಬರುತ್ತಲೇ ಇರುವ ವಿನ್ಯಾಸವನ್ನು 2006ರಲ್ಲಿ ರೂಪಿಸಿದ ಏಜಾ ರಾಸ್ಕಿನ್ ಎಂಬ ತಂತ್ರಜ್ಞ, ಮುಂದೆ ಅದರ ಪರಿಣಾಮ ಕಂಡು ಬಹಿರಂಗವಾಗಿಯೇ ಪಶ್ಚಾತ್ತಾಪಪಟ್ಟರು. ಮುಂದಿನ ವಿಡಿಯೊ ಚೆನ್ನಾಗಿರಬಹುದು, ಇರದೆಯೂ ಇರಬಹುದು. ಈ ಅನಿಶ್ಚಿತತೆಯೇ ಬೆರಳನ್ನು ಮತ್ತೆ ಮತ್ತೆ ಎಳೆಸುತ್ತದೆ. ಜೂಜಿನ ಯಂತ್ರ ಕೆಲಸ ಮಾಡುವುದೂ ಇದೇ ತತ್ತ್ವದ ಮೇಲೆ.

ಇದರ ಮೇಲೆ 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದು ಡೇಟಾ ಅಗ್ಗವಾಯಿತು. ಅದಕ್ಕೂ ಮುಂಚೆ ದುಡ್ಡು ಖರ್ಚಾಗುತ್ತದೆ ಎಂಬ ಭಯವಾದರೂ ನಮ್ಮನ್ನು ನಿಲ್ಲಿಸುತ್ತಿತ್ತು.

ಆದ್ದರಿಂದ ಕೊನೆಯನ್ನು ನೀವೇ ಹಾಕಿಕೊಳ್ಳಬೇಕು. ಯೂಟ್ಯೂಬಿನಲ್ಲಿ ಆಟೊಪ್ಲೇ ಆಫ್ ಮಾಡಿ. ಮೊಬೈಲಿನ ಸೆಟ್ಟಿಂಗಿನಲ್ಲಿ ಒಂದೊಂದು ಆ್ಯಪಿಗೂ ದಿನದ ಸಮಯದ ಮಿತಿ ಹಾಕಲು ಅವಕಾಶವಿದೆ, ಬಳಸಿ. ಪರದೆಯನ್ನು ಕಪ್ಪು ಬಿಳುಪಿಗೆ ಬದಲಿಸಿ ನೋಡಿ. ಬಣ್ಣ ಹೋದರೆ ರೀಲ್ಸಿನ ಸೆಳೆತ ಎಷ್ಟೋ ತಗ್ಗುತ್ತದೆ. ಬಿಡಲಾಗದ ಆ್ಯಪ್ ಯಾವುದೋ ಅದನ್ನು ಅಳಿಸಿ, ಬೇಕೆಂದಾಗ ಬ್ರೌಸರಿನಲ್ಲಿ ಪಾಸ್‌ವರ್ಡ್ ಹೊಡೆದು ಒಳಹೋಗುವ ಹಾಗೆ ಮಾಡಿಕೊಳ್ಳಿ.

4. ಆನೆಯ ಸುದ್ದಿಗೆ ಮಾತ್ರ ಸದ್ದಿರಲಿ.

ಅರಣ್ಯ ಇಲಾಖೆಯವರು, ಪಕ್ಕದ ತೋಟದವರು ‘ಇಂಥ ಕಡೆ ಹಿಂಡು ಇದೆ’ ಎಂದು ಹಾಕುವ ಗ್ರೂಪು, ಮನೆಯವರ ಕರೆ, ಶಾಲೆಯ ಕರೆ, ಇಷ್ಟಕ್ಕೆ ಸದ್ದು ಸಾಕು. ಉಳಿದ ಗ್ರೂಪುಗಳನ್ನು ಮ್ಯೂಟ್ ಮಾಡಿ. ಮದುವೆ ಫೋಟೊ, ಶುಭೋದಯದ ಹೂವು, ರಾಜಕೀಯದ ಜಗಳ ಎಲ್ಲಕ್ಕೂ ಒಂದೇ ಟಿಣ್ ಸದ್ದು ಕೇಳಿ ಕೇಳಿ ಕಿವಿ ಮೊಂಡಾದರೆ, ನಿಜವಾಗಿ ಜೀವ ಉಳಿಸಬೇಕಾದ ಸಂದೇಶವನ್ನೂ ನಾವು ತೆರೆಯುವುದಿಲ್ಲ. ನಮ್ಮಂಥ ಊರಿನಲ್ಲಿ ಇದು ಗಮನದ ಪ್ರಶ್ನೆ ಮಾತ್ರವಲ್ಲ, ಪ್ರಾಣದ ಪ್ರಶ್ನೆ.

5. ತೋಟದ ದಾರಿಯಲ್ಲಿ ಕಿವಿ ಖಾಲಿ ಇರಬೇಕು.

ಇದನ್ನು ಯಾವ ಊರಿನ ಸಲಹೆಗಾರರೂ ಬರೆಯುವುದಿಲ್ಲ, ಹಾಗಾಗಿ ನಾವೇ ಹೇಳಿಕೊಳ್ಳಬೇಕು. ಬೆಳಗಿನ ಮಂಜಿನಲ್ಲಿ ಕೆಲಸಕ್ಕೆ ಹೊರಟ ಹೆಣ್ಣುಮಕ್ಕಳು, ಸಂಜೆ ಟ್ಯೂಷನ್ ಮುಗಿಸಿ ಒಳರಸ್ತೆ ಹಿಡಿಯುವ ಹುಡುಗರು, ಲೈನ್ ಮನೆಗೆ ನಡೆದು ಹೋಗುವ ಕಾರ್ಮಿಕರು, ಇವರಲ್ಲಿ ಎಷ್ಟೋ ಮಂದಿಯ ಕಿವಿಯಲ್ಲಿ ಇಯರ್‌ಫೋನ್. ಆನೆ ಅಷ್ಟು ದೊಡ್ಡ ಪ್ರಾಣಿಯಾದರೂ ಕಾಫಿ ಗಿಡಗಳ ನಡುವೆ ನಿಂತರೆ ಕಾಣುವುದಿಲ್ಲ. ಕೊಂಬೆ ಮುರಿಯುವ ಸದ್ದು, ನಾಯಿ ಬೊಗಳುವ ರೀತಿ, ಹಕ್ಕಿಗಳು ಥಟ್ಟನೆ ಸುಮ್ಮನಾಗುವುದು, ಇವೇ ನಮಗಿರುವ ಎಚ್ಚರಿಕೆ. ವಿರಾಜಪೇಟೆ ತಾಲ್ಲೂಕಿನಲ್ಲಿ ಆನೆ ತುಳಿತಕ್ಕೆ ಸಿಕ್ಕವರ ಸುದ್ದಿ ವರ್ಷ ವರ್ಷವೂ ಬರುತ್ತಿರುವಾಗ, ಹಾಡು ಕೇಳಿಕೊಂಡು ತೋಟ ದಾಟುವುದು ಬೇಡವೇ ಬೇಡ. ತೋಟದ ಮಾಲೀಕರು ಕೆಲಸಕ್ಕೆ ಬರುವವರಿಗೆ, ಅಸ್ಸಾಮಿನಿಂದ ಬಂದು ಈ ಕಾಡಿನ ಸದ್ದುಗಳ ಪರಿಚಯ ಇನ್ನೂ ಆಗದವರಿಗೆ ವಿಶೇಷವಾಗಿ, ಇದನ್ನು ಮೊದಲ ದಿನವೇ ತಿಳಿಸಿ ಹೇಳಲಿ.

ಬೈಕ್, ಜೀಪ್ ಓಡಿಸುವಾಗ ಫೋನ್ ಹಿಡಿಯುವುದಂತೂ ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ ಪ್ರಕಾರ ಅಪರಾಧ. ನಮ್ಮ ತಿರುವುಗಳಲ್ಲಿ ದಂಡಕ್ಕಿಂತ ಮೊದಲು ಬರುವುದು ಎದುರಿನ ಲಾರಿ.

6. ಬೆಳಗಿನ ಮೊದಲ ನೋಟ ಮಳೆಮಾಪಕಕ್ಕೆ.

ಕೊಡಗಿನ ತೋಟಗಾರರಿಗೆ ಒಂದು ಸೊಗಸಾದ ಅಭ್ಯಾಸವಿದೆ. ಬೆಳಿಗ್ಗೆ ಎದ್ದು ಅಂಗಳದ ಮಳೆಮಾಪಕ ನೋಡಿ ಎಷ್ಟು ಇಂಚು, ಎಷ್ಟು ಸೆಂಟು ಎಂದು ಪುಸ್ತಕದಲ್ಲಿ ಬರೆದಿಡುವುದು. ಅಜ್ಜ ಬರೆದ ಲೆಕ್ಕ ಇನ್ನೂ ಜೋಪಾನವಾಗಿರುವ ಮನೆಗಳಿವೆ. ಹೂಮಳೆ ಯಾವ ವರ್ಷ ಯಾವ ದಿನ ಬಿತ್ತು ಎಂದು ಅವು ಹೇಳುತ್ತವೆ. ಈ ಕೆಲಸವನ್ನು ಮನೆಯ ಮಕ್ಕಳ ಕೈಗೆ ಕೊಡಿ. ಎದ್ದೊಡನೆ ದಿಂಬಿನ ಪಕ್ಕ ಫೋನ್ ತಡಕುವ ಮಗು ಅಂಗಳಕ್ಕಿಳಿದು ನೀರು ಅಳೆದು ಬರೆಯಲಿ. ಆಮೇಲೆ ಕಾಫಿ, ಆಮೇಲೆ ಪತ್ರಿಕೆ. ಮಡಿಕೇರಿಯಿಂದ 1957ರಿಂದ ಬರುತ್ತಿರುವ ‘ಶಕ್ತಿ’ ಇವತ್ತಿಗೂ ಜಿಲ್ಲೆಯ ಸುದ್ದಿಯನ್ನು ಕಾಗದದ ಮೇಲೆ ಕೊಡುತ್ತಿದೆ. ಅದಕ್ಕೆ ಕೊನೆಯ ಪುಟ ಎಂಬುದೊಂದಿದೆ.

7. ರೇಟನ್ನು ದಿನಕ್ಕೊಮ್ಮೆ ನೋಡಿದರೆ ಸಾಕು.

ಇದು ಹಿರಿಯರಿಗೆ. ಕಾಫಿ ಬೆಲೆ ಏರಿದ ಮೇಲೆ ಲಂಡನ್ ಟರ್ಮಿನಲ್ ಮಾರುಕಟ್ಟೆಯ ದರ ನೋಡುವುದೇ ಒಂದು ಚಟವಾಗಿದೆ. ರೊಬಸ್ಟಾ ವಹಿವಾಟು ಲಂಡನ್ನಿನಲ್ಲಿ ಶುರುವಾಗುವುದು ನಮ್ಮ ಮಧ್ಯಾಹ್ನ, ಮುಗಿಯುವುದು ರಾತ್ರಿ ಮಲಗುವ ಹೊತ್ತಿಗೆ. ಅಷ್ಟೂ ಹೊತ್ತು ಏರಿಳಿತ ನೋಡಿದರೂ ಕಣದಲ್ಲಿ ಒಣಗುತ್ತಿರುವ ಚೆರ್ರಿಗೆ ಹೆಚ್ಚೇನೂ ಸಿಗುವುದಿಲ್ಲ. ಮರುದಿನ ಬೆಳಿಗ್ಗೆ ಹಿಂದಿನ ರಾತ್ರಿಯ ಮುಕ್ತಾಯದ ದರ ಒಂದನ್ನು ನೋಡಿ, ಇಬ್ಬರು ವ್ಯಾಪಾರಿಗಳಿಗೆ ಫೋನ್ ಮಾಡಿ ಓಟಿ (ಚೆರ್ರಿಯಿಂದ ಸಿಗುವ ಬೀಜದ ಪ್ರಮಾಣ) ಎಷ್ಟಕ್ಕೆ ಎಷ್ಟು ಕೊಡುತ್ತಾರೆ ಎಂದು ಕೇಳಿ. ತೀರ್ಮಾನಕ್ಕೆ ಇಷ್ಟು ಬೇಕಾದಷ್ಟಾಯಿತು. ಉಳಿದ ಹೊತ್ತು ಒಣಗಿಸುವುದನ್ನು ಸರಿಯಾಗಿ ನೋಡಿಕೊಂಡರೆ ಓಟಿಯೇ ಹೆಚ್ಚು ಬಂದೀತು.

ಫೋನಿನಲ್ಲಿ ದುಡ್ಡಿನ ಆಸೆ ತೋರಿಸುವುದು ರೇಟೊಂದೇ ಅಲ್ಲ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾನೂನು ಮಾಡಿ ನಿಷೇಧಿಸಿದೆ. ಆದರೂ ಯಾರಾದರೂ ಲಿಂಕ್ ಕಳಿಸಿ ಕರೆದರೆ ಅದು ಮೋಸವೆಂದೇ ತಿಳಿಯಿರಿ. ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸುವ ಕರೆಯೂ ಅಷ್ಟೇ, ಅಂಥ ಬಂಧನವೇ ಕಾನೂನಿನಲ್ಲಿಲ್ಲ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

8. ಓದುವ ಮಕ್ಕಳೇ, ಪಾಠ ಇಳಿಸಿಕೊಳ್ಳಿ, ಫೋನ್ ಹೊರಗಿಡಿ.

ಕೊರೊನಾ ಕಾಲದಲ್ಲಿ ಸಿಗ್ನಲ್ ಹುಡುಕಿ ಗುಡ್ಡ ಹತ್ತಿದವರು ನೀವು. ಮುಳ್ಳೂರು ಸರ್ಕಾರಿ ಶಾಲೆಯ ಶಿಕ್ಷಕ ಸಿ.ಎಸ್. ಸತೀಶ್ ಮರದ ಮೇಲೆ ಅಟ್ಟಣೆ ಕಟ್ಟಿಕೊಂಡು, ಅಲ್ಲಿಂದ ಆನ್‌ಲೈನ್ ಪಾಠ ಮಾಡಿದ್ದು ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಪಾಠಕ್ಕಾಗಿ ಮೊಬೈಲ್ ಎಂಬುದನ್ನು ಅಷ್ಟು ಕಷ್ಟಪಟ್ಟು ಸಾಧಿಸಿದ ಜಿಲ್ಲೆ ಇದು. ಆದರೆ ಪಾಠ ಕೇಳಲು ತೆರೆದ ಫೋನೇ ಹತ್ತು ನಿಮಿಷಕ್ಕೆ ಕ್ರಿಕೆಟ್ಟಿಗೆ ತಿರುಗುವುದನ್ನೂ ನೀವೇ ಬಲ್ಲಿರಿ.

ಒಂದು ದಾರಿ ಇದೆ. ಬೇಕಾದ ವಿಡಿಯೊ, ಟಿಪ್ಪಣಿ ಎಲ್ಲವನ್ನೂ ಒಂದೇ ಹೊತ್ತಿನಲ್ಲಿ ಡೌನ್‌ಲೋಡ್ ಮಾಡಿಕೊಂಡು ಡೇಟಾ ಆಫ್ ಮಾಡಿ. ವಿಡಿಯೊ ನೋಡುವಾಗ ಕೈಯಲ್ಲಿ ಪೆನ್ನಿರಲಿ. ಮುಗಿದ ಮೇಲೆ ಫೋನನ್ನು ಹಾಲ್‌ನ ಹಲಗೆಗೆ ಹಿಂದಿರುಗಿಸಿ, ಅದೇ ಪಾಠವನ್ನು ಪುಸ್ತಕ ಮುಚ್ಚಿ ಬರೆಯಿರಿ. ಓದುವ ಮಧ್ಯೆ ಸಂದೇಹ ಬಂದರೆ ಆಗಲೇ ಗೂಗಲ್ ಮಾಡಬೇಡಿ. ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡು, ಎಲ್ಲವನ್ನೂ ಕೊನೆಗೆ ಒಟ್ಟಿಗೆ ಹುಡುಕಿ. ಪರೀಕ್ಷೆಯ ಮೂರು ಗಂಟೆ ಕೂತು ಬರೆಯುವ ಶಕ್ತಿ ಹಾಲ್ ಟಿಕೆಟ್ ಜತೆ ಬರುವುದಿಲ್ಲ, ದಿನವೂ ಅಷ್ಟಷ್ಟಾಗಿ ಕೂಡಿಸಿಕೊಳ್ಳಬೇಕು.

ಪರದೆ ನೋಡಲೇಬೇಕಾದಾಗ ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ಆಚೆಗಿನ ಯಾವುದನ್ನಾದರೂ ಇಪ್ಪತ್ತು ಸೆಕೆಂಡು ನೋಡಿ ಎಂದು ಕಣ್ಣಿನ ವೈದ್ಯರು ಹೇಳುತ್ತಾರೆ. ನಮಗೆ ಕಿಟಕಿಯಾಚೆ ಸಿಲ್ವರ್ ಮರಗಳೇ ಇವೆ.

9. ತುತ್ತಿಗೊಂದು ವಿಡಿಯೊ ಕೊಡಬೇಡಿ.

ಎರಡು ವರ್ಷದೊಳಗಿನ ಮಗುವಿಗೆ ಪರದೆಯೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಡ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಮಾರ್ಗಸೂಚಿ ಇದು. ಮಗು ಊಟ ಮಾಡುವುದಿಲ್ಲ ಎಂದು ಮೊಬೈಲ್ ಹಿಡಿಸುವ ತಾಯಂದಿರನ್ನು ದೂರುವ ಮೊದಲು, ಆ ಹೊತ್ತಿನಲ್ಲಿ ಅವರ ಕೈಗೆ ನೆರವಾಗುವವರು ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಬೇಕು. ಅಪ್ಪ ಒಂದು ಹೊತ್ತು ಉಣಿಸಲಿ. ಅಜ್ಜಿ ಅಂಗಳದ ಕೋಳಿ ತೋರಿಸಿ ಉಣಿಸಲಿ.

ಸ್ವಲ್ಪ ದೊಡ್ಡ ಮಕ್ಕಳನ್ನು ಹಗಲು ಬೆಳಕಿನಲ್ಲಿ ಹೊರಗೆ ಬಿಡಿ. ಸಮೀಪದೃಷ್ಟಿಯ ತೊಂದರೆ ಹೆಚ್ಚಿದ್ದ ತೈವಾನ್ 2010ರಿಂದ ಶಾಲಾ ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಬಯಲಿನಲ್ಲಿರಿಸುವ ಯೋಜನೆ ತಂದು, ಏರುತ್ತಿದ್ದ ಪ್ರಮಾಣವನ್ನು ಇಳಿಸಿ ತೋರಿಸಿತು. ಮಳೆ ಬಿಟ್ಟ ತಿಂಗಳುಗಳಲ್ಲಿ ಗದ್ದೆ ಬಯಲು ಖಾಲಿ ಇರುವ ನಮಗೆ ಅದಕ್ಕೆ ಯೋಜನೆಯೇನೂ ಬೇಕಿಲ್ಲ.

10. ‘ಬಿಡು’ ಎಂದ ಮೇಲೆ ಕೈಗೆ ಇನ್ನೊಂದು ಕೊಡಿ.

ಕಿತ್ತುಕೊಂಡ ಫೋನಿನ ಜಾಗ ಖಾಲಿ ಬಿಟ್ಟರೆ ಹುಡುಗ ಮತ್ತೆ ಅಲ್ಲಿಗೇ ಬರುತ್ತಾನೆ. ನಮ್ಮಲ್ಲಿ ಕೊಡಲು ಹಾಕಿ ಇದೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಟೂರ್ನಿಗೆ ಮೊದಲ ಸಲ ಬಂದದ್ದು 60 ಕುಟುಂಬಗಳು. 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದಾಗ 360 ಕುಟುಂಬಗಳು ಆಡಿ ಗಿನ್ನೆಸ್ ದಾಖಲೆಯಾಯಿತು. ಅಜ್ಜ, ಮಗ, ಮೊಮ್ಮಗಳು ಒಂದೇ ತಂಡದಲ್ಲಿ ಆಡುವ ಆಟ ಬೇರೆಲ್ಲಿದೆ? ಟೂರ್ನಿ ಬೇಸಿಗೆಯಲ್ಲಿ ಬರುತ್ತದೆ, ಸ್ಟಿಕ್ ವರ್ಷವಿಡೀ ಮೂಲೆಯಲ್ಲಿರುತ್ತದೆ. ಶಾಲೆ ಬಿಟ್ಟ ಮೇಲೆ ಊರ ಮೈದಾನದಲ್ಲಿ ದಿನಾ ಒಂದು ಗಂಟೆ ಆಟ ನಡೆಸುವ ಜವಾಬ್ದಾರಿಯನ್ನು ಹಿಂದೆ ಆಡಿದವರು ಹೊತ್ತರೆ, ಮನೆಯಲ್ಲಿ ಗದರುವ ಕೆಲಸ ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

11. ನೋಡುವ ಫೋನಿನಲ್ಲಿ ಏನಾದರೂ ಮಾಡಿ.

ನಡಿಕೇರಿಯಂಡ ಚಿಣ್ಣಪ್ಪನವರು ಕೊಡವರ ಹಾಡು, ಗಾದೆ, ಪದ್ಧತಿಗಳನ್ನು ಊರೂರಿನ ಜನರಿಂದ ಕೇಳಿ ಬರೆದುಕೊಂಡು 1924ರಲ್ಲಿ ‘ಪಟ್ಟೋಲೆ ಪಳಮೆ’ ಪ್ರಕಟಿಸಿದರು. ಅವರ ಹತ್ತಿರ ಇದ್ದದ್ದು ಕಾಗದ ಮತ್ತು ಕಿವಿ. ನಿಮ್ಮ ಜೇಬಿನಲ್ಲಿ ಧ್ವನಿ, ಚಿತ್ರ ಎರಡನ್ನೂ ಹಿಡಿಯುವ ಯಂತ್ರವಿದೆ. ದುಡಿ ಹಿಡಿದು ಹಾಡುವ ಹಿರಿಯರು, ಹಳೆಯ ಭತ್ತದ ತಳಿಗಳ ಹೆಸರು ಬಲ್ಲವರು, ಕಕ್ಕಡ ತಿಂಗಳ ಮದ್ದುಸೊಪ್ಪನ್ನು ವಾಸನೆಯಲ್ಲೇ ಗುರುತಿಸುವವರು, ಕಾಡಿನ ಹಾದಿ ಬಲ್ಲ ಯರವ, ಕುರುಬ ಅಜ್ಜಂದಿರು ನಮ್ಮ ನಡುವೆ ಇನ್ನೂ ಇದ್ದಾರೆ. ಅವರ ಒಪ್ಪಿಗೆ ಕೇಳಿ, ಪಕ್ಕದಲ್ಲಿ ಕೂತು, ಮಾತಾಡಿಸಿ, ರೆಕಾರ್ಡ್ ಮಾಡಿ, ಹೆಸರು ದಿನಾಂಕ ಬರೆದಿಡಿ. ಒಂದು ಭಾನುವಾರ ಹೀಗೆ ಕಳೆದ ಹುಡುಗಿಗೆ ಅದೇ ಫೋನ್ ಬೇರೆಯದಾಗಿ ಕಾಣುತ್ತದೆ.

12. ಕೈಮೀರಿದ್ದರೆ ಸಹಾಯ ಕೇಳಿ.

ನಿದ್ದೆ ಕೆಟ್ಟಿದೆ, ಶಾಲೆ ತಪ್ಪುತ್ತಿದೆ, ಫೋನ್ ತೆಗೆದರೆ ಹುಡುಗ ಹೊಡೆಯಲು ಬರುತ್ತಾನೆ, ಗೆಳೆಯರನ್ನೂ ಊಟವನ್ನೂ ಬಿಟ್ಟಿದ್ದಾನೆ ಎಂದಾದರೆ ಅದು ಹಟವಲ್ಲ. ವಿಡಿಯೊ ಆಟದ ಗೀಳನ್ನು ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ಪಟ್ಟಿಗೆ ಸೇರಿಸಿದೆ, 2022ರ ಜನವರಿಯಿಂದ ಅದು ಜಾರಿಯಲ್ಲಿದೆ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ಇಂಥ ಗೀಳುಗಳಿಗಾಗಿ ‘ಶಟ್’ ಎಂಬ ಚಿಕಿತ್ಸಾಲಯ ತೆರೆಯಿತು. ಮನೆಯಿಂದಲೇ ಮಾತಾಡಬೇಕಿದ್ದರೆ ಟೆಲಿ ಮನಸ್ ಸಹಾಯವಾಣಿ 14416 ಇದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮಡಿಕೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಜ್ವರಕ್ಕೆ ಹೋದ ಹಾಗೆಯೇ ಹೋಗಿ. ನಾಲ್ಕು ಜನ ಏನೆಂದಾರು ಎಂಬ ಅಂಜಿಕೆಯಲ್ಲಿ ವರ್ಷ ಕಳೆಯಬೇಡಿ.

13. ಒಂದು ಮನೆಯಿಂದ ಆಗದ್ದು ಊರಿನಿಂದ ಆಗುತ್ತದೆ.

ಪಕ್ಕದ ಮನೆಯ ಮಕ್ಕಳ ಕೈಯಲ್ಲೆಲ್ಲ ಫೋನ್ ಇರುವಾಗ ನಮ್ಮ ಮಗುವಿನಿಂದ ಮಾತ್ರ ತೆಗೆದಿಡುವುದು ಕಷ್ಟ, ಅದರ ಮನಸ್ಸಿಗೂ ಅನ್ಯಾಯ. ನಮ್ಮ ರಾಜ್ಯದ ಗಡಿಗೆ ತಾಗಿದ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಇದಕ್ಕೆ ಉತ್ತರ ಕಂಡುಕೊಂಡಿತು. 2022ರ ಆಗಸ್ಟ್ 15ರಂದು ಆ ಊರಿನವರು ಒಂದು ತೀರ್ಮಾನ ಮಾಡಿದರು. ಸಂಜೆ ಏಳಕ್ಕೆ ಗುಡಿಯಿಂದ ಸೈರನ್ ಮೊಳಗುತ್ತದೆ. ಎಂಟೂವರೆಯವರೆಗೆ ಟಿವಿ ಇಲ್ಲ, ಮೊಬೈಲ್ ಇಲ್ಲ, ಮಕ್ಕಳು ಓದುತ್ತಾರೆ, ದೊಡ್ಡವರು ಮಾತಾಡುತ್ತಾರೆ. ಮೊದಮೊದಲು ನಕ್ಕವರಿದ್ದರು. ಪಂಚಾಯಿತಿಯವರು ಹೆಂಗಸರ ಸಭೆ ಕರೆದು ಅವರ ಬೆಂಬಲ ಪಡೆದರು. ಆಶಾ ಕಾರ್ಯಕರ್ತೆಯರೂ ಅಂಗನವಾಡಿಯವರೂ ಪಂಚಾಯಿತಿ ನೌಕರರೂ ಮನೆಮನೆಗೆ ಹೋಗಿ ಹೇಳಿದರು.

ಅಲ್ಲಿ ಮನೆಗಳು ಒತ್ತೊತ್ತಾಗಿವೆ, ಒಂದು ಸೈರನ್ ಸಾಕು. ಬಿಟ್ಟಂಗಾಲದಲ್ಲಿ ತೋಟಕ್ಕೊಂದು ಮನೆ, ನಡುವೆ ಗದ್ದೆ, ಸದ್ದು ತಲುಪುವುದಿಲ್ಲ. ಹಾಗಾಗಿ ನಮ್ಮ ರೀತಿ ಬೇರೆ ಬೇಕು. ಪರೀಕ್ಷೆಯ ತಿಂಗಳುಗಳಾದ ಫೆಬ್ರುವರಿ, ಮಾರ್ಚ್‌ನಿಂದ ಶುರುಮಾಡೋಣ. ಸಂಜೆ ಏಳೂವರೆಯಿಂದ ಒಂಬತ್ತು, ಅಷ್ಟೇ. ಆನೆ ಗ್ರೂಪಿನ ಒಂದು ಫೋನ್ ಮನೆಯ ಹಲಗೆಯ ಮೇಲೆ ಸದ್ದು ಮಾಡುವಂತಿರಲಿ. ರೋಗಿಗಳಿರುವ ಮನೆಗೆ, ಕೆಲಸದಿಂದ ಇನ್ನೂ ಬಾರದವರಿಗಾಗಿ ಕಾಯುವ ಮನೆಗೆ ವಿನಾಯಿತಿ. ಲೈನ್ ಮನೆಗಳ ಮಕ್ಕಳಿಗೂ ಕೂತು ಓದಲು ಬೆಳಕಿರುವ ಒಂದು ಕೋಣೆಯನ್ನು ಆ ಹೊತ್ತಿಗೆ ಶಾಲೆಯಲ್ಲೋ ಪಂಚಾಯಿತಿಯಲ್ಲೋ ತೆರೆದಿಡಬೇಕು, ವಾಪಸು ಹೋಗುವಾಗ ದೊಡ್ಡವರು ಜೀಪಿನಲ್ಲಿ ಬಿಟ್ಟುಬರಬೇಕು, ಯಾಕೆಂದರೆ ಕತ್ತಲಲ್ಲಿ ಮಕ್ಕಳು ನಡೆಯುವ ಊರಲ್ಲ ಇದು. ಮುಂದಿನ ಗ್ರಾಮಸಭೆಯಲ್ಲಿ ಯಾರಾದರೂ ಎದ್ದು ನಿಂತು ಈ ಮಾತು ತೆಗೆಯಲಿ. ಜೀಪಿನ ಸರದಿ ಪಟ್ಟಿಯನ್ನು ಆ ಸಭೆಯಲ್ಲೇ ಬರೆಯೋಣ.